ಕಾಲು ಹಿಡಿಯುವ ಸರದಿ

ನನ್ನ ಡಿಗ್ರಿ ಆಣೆಗೂ ಇದು ನಿಜವಾದ ಕಥೆ. ಆಣೆ ಹಾಕಲು ನನ್ನ ಬಳಿ ಇರುವ ಬೆಲೆಯುಳ್ಳ ವಸ್ತು ಅದೊಂದೇ. ಅದೂ ಈಗ ಒಡೆದ ಗಾಜಿನ ಫ್ರೇಮಿನೊಳಗೆ ಕೂತು ನಮ್ಮ ಅಡುಗೆಮನೆಯ ಗೋಡೆಯ ತೂತನ್ನು ಮುಚ್ಚುವ ಉದ್ಯೋಗದಲ್ಲಿದೆ. ಥರ್ಮಾಮೀಟರಿಗೂ ಡಿಗ್ರಿ ಇರುತ್ತದೆ, ಆದರೆ ಅದಕ್ಕೆ ಕೆಲಸವೂ ಇರುತ್ತದೆ ಎಂದು ನಮ್ಮ ಚರ್ಚಿನ ಇನ್ನಾಸಿ ಸ್ವಾಮಿಗಳು ಪ್ರಸಂಗದ ನಡುವೆ ನನ್ನ ಕಡೆ ನೋಡಿ ಹೇಳಿದ್ದುಂಟು. ನನಗೆ ಕೆಲಸವೇ ಇಲ್ಲವೆಂದಲ್ಲ. ಆಟೋದ ನೆತ್ತಿಗೆ ಮೈಕು ಕಟ್ಟಿಕೊಂಡು ಊರು ಸುತ್ತುತ್ತೇನೆ. ಸೀರೆ ಅಂಗಡಿಯ ರಿಯಾಯಿತಿ, ಕಳೆದುಹೋದ ಎಮ್ಮೆ, ನಾಳೆ ನಲ್ಲಿಯಲ್ಲಿ ನೀರಿಲ್ಲ ಎಂಬ ಸುದ್ದಿ, ಎಲ್ಲವನ್ನೂ ಸಾರುವವನು ನಾನೇ. ಸೀರೆಗೆ ಸೀರೆ ಉಟ್ಟವರ ದನಿ, ಎಮ್ಮೆಗೆ ಎಮ್ಮೆಯ ದನಿ, ನೀರಿಗೆ ಖಾಲಿ ನಲ್ಲಿಯ ದನಿ. ನನ್ನ ಗಂಟಲಿಗೆ ಸಿಗದ ಜೀವ ಈ ಊರಿನಲ್ಲಿಲ್ಲ. ಡಿಗ್ರಿ ರಾಯಪ್ಪನ ಮನೆ ಯಾವುದು ಎಂದು ಕೇಳಿದರೆ ಮಕ್ಕಳೂ ತೋರಿಸುತ್ತಾರೆ, ತೋರಿಸಿ ಓಡಿಯೂ ಹೋಗುತ್ತಾರೆ.

ನಮ್ಮ ಚರ್ಚಿನ ಬಲಗಡೆಯ ಗೋಡೆಯಲ್ಲಿ ಊರಬಾಗಿಲಿನಷ್ಟು ದೊಡ್ಡದಾದ ಒಂದು ತೈಲಚಿತ್ರವಿದೆ. ಶತಮಾನಗಳ ಹಿಂದೆ ಇಟಲಿಯಲ್ಲಿ ಯಾರೋ ಬರೆದದ್ದು, ಯಾವನೋ ಪಾದ್ರಿ ಅದನ್ನು ಹಡಗಿನಲ್ಲಿ, ಆಮೇಲೆ ಎತ್ತಿನ ಗಾಡಿಯಲ್ಲಿ ತಂದನಂತೆ. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹವನ್ನು ಬಿಳಿಯ ಬಟ್ಟೆಯಲ್ಲಿ ಎತ್ತಿ ಕಲ್ಲಿನ ಸಮಾಧಿಗೆ ಇಳಿಸುತ್ತಿದ್ದಾರೆ. ನೀಲಿ ಮುಸುಕಿನ ತಾಯಿ ಕುಸಿದು ಕೂತಿದ್ದಾಳೆ. ಮಗ್ದಲದ ಮರಿಯಳು ಕೂದಲು ಬಿಚ್ಚಿಕೊಂಡು ಎರಡೂ ಕೈ ಆಕಾಶಕ್ಕೆ ಎತ್ತಿದ್ದಾಳೆ. ತಲೆಯ ಕಡೆ ಬಿಳಿಗಡ್ಡದ ಮುದುಕನೊಬ್ಬ ಬಟ್ಟೆಯ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಾನೆ. ಕಾಲಿನ ಕಡೆ ಯಾರೂ ಇಲ್ಲ. ಅಲ್ಲಿದ್ದವನು ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಎದ್ದು ಹೋದ. ಸೊಂಟ ಹಿಡಿದುಕೊಂಡಿತ್ತು ಎನ್ನುವವರಿದ್ದಾರೆ, ಒಂದು ಲೋಟ ಮಜ್ಜಿಗೆಗೆ ಎನ್ನುವವರಿದ್ದಾರೆ. ವಾಪಸು ಬರಲಿಲ್ಲ ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ. ಅಂದಿನಿಂದ ಊರಿನವರೇ ಸರದಿಯಂತೆ ಚಿತ್ರದೊಳಗೆ ಹತ್ತಿ ಕಾಲು ಹಿಡಿಯುತ್ತೇವೆ. ಬೇರೆ ಊರುಗಳಲ್ಲಿ ಕೆಲಸಕ್ಕಾಗಿ ಕಾಲು ಹಿಡಿಯುತ್ತಾರೆ, ನಮ್ಮೂರಿನಲ್ಲಿ ಕಾಲು ಹಿಡಿಯುವುದೇ ಕೆಲಸ.

ಇದಕ್ಕೆ ಜಾತಿ ಮತ ಇಲ್ಲ. ಕ್ಷೌರದ ನಂಜುಂಡಿ ಹೋಗುತ್ತಾನೆ, ಬಳೆ ಅಂಗಡಿಯ ಬಾಷಾ ಸಾಬರು ಹೋಗುತ್ತಾರೆ. ಬೇಕಾದ್ದು ಒಂದೇ, ದುಃಖ. ದೊಡ್ಡದೇ ಆಗಬೇಕೆಂದಿಲ್ಲ. ಹಲ್ಲುನೋವು ನಡೆಯುತ್ತದೆ, ಪರೀಕ್ಷೆಯಲ್ಲಿ ಫೇಲಾದದ್ದು ನಡೆಯುತ್ತದೆ, ಹಬ್ಬದ ದಿನ ಹಾಲು ಒಡೆದದ್ದೂ ನಡೆಯುತ್ತದೆ. ಜಾಗ ಖಾಲಿಯಿದ್ದಾಗ ದುಃಖವಿದ್ದವರು ಚೌಕಟ್ಟಿಗೆ ಕೈಯಿಟ್ಟರೆ ಚಿತ್ರ ಒಳಗೆ ಕರೆದುಕೊಳ್ಳುತ್ತದೆ. ಒಳಗೆ ಹಸಿವಿಲ್ಲ, ಮಾತಿಲ್ಲ. ಹೊರಗಿನದೆಲ್ಲ ಕೇಳಿಸುತ್ತದೆ, ಅಷ್ಟೇ. ಸಾಮಾನ್ಯ ದುಃಖ ಸಂಜೆಯ ಗಂಟೆ ಹೊಡೆಯುವಷ್ಟರಲ್ಲಿ ಕರಗುತ್ತದೆ, ಆಗ ಚಿತ್ರವೇ ಮೆತ್ತಗೆ ಈಚೆ ಜಾರಿಸುತ್ತದೆ. ಬಂದವರ ಅಂಗಿಯೆಲ್ಲ ಎಣ್ಣೆ ವಾಸನೆ, ಮನಸ್ಸು ಮಾತ್ರ ಒಗೆದು ಒಣಹಾಕಿದ ಹಾಗೆ. ಚಿತ್ರದಿಂದ ಬಂದವರಿಗೆ ಮನೆಯವರು ಚಿತ್ರಾನ್ನ ತಂದುಕೊಡುವುದು ಪದ್ಧತಿ. ಒಳಗೆ ನಿಂತು ಸೊಂಟ ನೋಯಿಸಿಕೊಳ್ಳುವುದಕ್ಕೆ ಚಿತ್ರಹಿಂಸೆ ಎಂದು ಹೆಸರಿಟ್ಟವನು ನಾನು.

ನಾನು ಮಾತ್ರ ಒಳಗೆ ನಿಂತವನಲ್ಲ. ಚಿತ್ರಕ್ಕೆ ನಗು ಆಗುವುದಿಲ್ಲ. ನಕ್ಕವರನ್ನು ಬಸ್ಸಿನ ಕಂಡಕ್ಟರ್ ಟಿಕೆಟ್ಟಿಲ್ಲದವರನ್ನು ಇಳಿಸುವಂತೆ ಒಂದೇ ನೂಕಿಗೆ ಆಚೆ ಹಾಕುತ್ತದೆ. ನನ್ನ ಸರದಿ ಬಂದಾಗಲೆಲ್ಲ ಕಾಲು ಒಳಗಿಡುವಷ್ಟರಲ್ಲಿ ಆ ಬಿಳಿಗಡ್ಡದ ಮುದುಕನ ಮುಖ ನೋಡಿ ಕಿಸಕ್ಕೆಂದು ಆಚೆ ಬೀಳುತ್ತಿದ್ದೆ. ಕೊನೆಗೆ ಸ್ವಾಮಿಗಳು, "ರಾಯಪ್ಪ, ನೀನು ಆಚೇನೇ ಇರಪ್ಪ, ಅದೇ ದೊಡ್ಡ ಸೇವೆ" ಎಂದು ಕೈಮುಗಿದರು. ಅವರ ಭಯಕ್ಕೂ ಕಾರಣವಿತ್ತು. ನಮ್ಮ ತಾತನ ಕಾಲದಲ್ಲಿ ಯಾರೋ ಹೀಗೆ ನಕ್ಕು ಬಿದ್ದು, ಹಿಡಿಯುವವರಿಲ್ಲದೆ ಪಾದ ಜಾರಿ ಕಲ್ಲಿಗೆ ತಗುಲಿತಂತೆ. ಆ ಮಳೆಗಾಲ ಪೂರ್ತಿ ಊರಿಗೆ ಊರೇ ಕುಂಟಿತು. ಮನುಷ್ಯರಷ್ಟೇ ಅಲ್ಲ, ಕೋಳಿಗಳೂ.

ಹೊರಗಿನವರಿಗೆ ಇದೆಲ್ಲ ಹೇಳುವುದಿಲ್ಲ. ಒಮ್ಮೆ ದೂರದಿಂದ ಒಬ್ಬ ಕಲಾಪಂಡಿತರು ಭೂತಗನ್ನಡಿ ಹಿಡಿದುಕೊಂಡು ಬಂದರು. ಆವತ್ತು ಒಳಗಿದ್ದವರು ಟೈಲರ್ ಚೌರಪ್ಪಣ್ಣ. ಪಂಡಿತರು ಅವರ ಕುತ್ತಿಗೆಯ ಬಳಿ ಗಾಜು ಹಿಡಿದು ಬಹಳ ಹೊತ್ತು ಬೆವರಿದರು. ಆಮೇಲೆ, ಆ ಕಾಲದ ಇಟಲಿಯಲ್ಲೇ ಇಂಚುಟೇಪು ಇತ್ತು ಎಂದು ಲೇಖನ ಬರೆದರಂತೆ. ನಾವು ಲೇಖನ ಓದಲಿಲ್ಲ, ಪಂಡಿತರ ಬೆವರಿನ ಮಿಮಿಕ್ರಿ ಮಾತ್ರ ನಾನು ಒಂದು ವಾರ ಮಾಡಿದೆ.

ಕಥೆ ಇರುವುದು ಈ ಚೌರಪ್ಪಣ್ಣನದೇ. ಹೋದ ಮಾವಿನ ಕಾಲದಲ್ಲಿ ಅವರ ಹೆಂಡತಿ ಲೂರ್ದಕ್ಕ ತೀರಿಕೊಂಡಳು. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡಿದ್ದಂತೆಯೇ ಚೌರಪ್ಪಣ್ಣ ಚಿತ್ರದೊಳಗೆ ಹತ್ತಿದರು. ಸಂಜೆಯ ಗಂಟೆ ಹೊಡೆಯಿತು, ಬರಲಿಲ್ಲ. ಮಳೆ ಬಂತು, ಕ್ರಿಸ್‌ಮಸ್ ಬಂತು, ಅವರು ಬರಲಿಲ್ಲ. ಅವರ ದುಃಖ ಮುಗಿಯುವ ಜಾತಿಯದಾಗಿರಲಿಲ್ಲ. ಎಳೆದು ನೋಡಿದೆವು; ಬೆರಳಿಗೆ ಬಣ್ಣ ಬಂತೇ ಹೊರತು ಮನುಷ್ಯ ಬರಲಿಲ್ಲ. ಇತ್ತ ಜಾಗ ಸಿಗದೆ ಊರಿನವರ ಚಿಲ್ಲರೆ ದುಃಖಗಳೆಲ್ಲ ಮನೆಯಲ್ಲೇ ಕೊಳೆಯತೊಡಗಿದವು. ನಂಜುಂಡಿ ಗಿರಾಕಿಗಳ ಕಿವಿಯ ಹತ್ತಿರ ನಿಟ್ಟುಸಿರು ಬಿಡುತ್ತಿದ್ದ. ಬಾಷಾ ಸಾಬರು ಬಳೆ ತೊಡಿಸುತ್ತಾ ತಾವೇ ಅಳುತ್ತಿದ್ದರು.

ಎಲ್ಲಕ್ಕಿಂತ ಕಷ್ಟ ಮಗಳು ಜಸಿಂತಾಳದು. ಬೇಕರಿಯ ಸಿರಿಲನ ಜೊತೆ ಅವಳ ಮದುವೆ ಗೊತ್ತಾಗಿತ್ತು. ತಾಯಿ ಇದ್ದಾಗಲೇ ಮಾತಾದದ್ದು. ಜಸಿಂತಾ ಇರುವೆಗೂ ದಾರಿ ಬಿಟ್ಟು ನಡೆಯುವ ಹುಡುಗಿ; ಅವಳು ಮಾತಾಡಿದರೆ ಪಕ್ಕದವರು ಫ್ಯಾನು ನಿಲ್ಲಿಸಿ ಕೇಳಬೇಕು. ಒಂದು ಮಧ್ಯಾಹ್ನ ಬಂದು ನನ್ನ ಆಟೋದ ಪಕ್ಕ ನಿಂತಳು.

"ರಾಯಣ್ಣ, ಬ್ಯಾಡಾ ಅಂದ್ರೂ ಊರ್ನೋರ್‌ನೆಲ್ಲಾ ನಗಿಸ್ತೀಯ. ನಮ್ಮಪ್ಪನ್ನ ಒಂದ್ಸಲ ನಗಿಸ್ಬುಡು. ನಕ್ರೆ ಈಚೆಗೆ ಬೀಳ್ತಾನಲ್ಲ."

"ನೀನೇ ಹೋಗಿ ಕರ್ದು ನೋಡಿದ್ಯಾ?"

"ದಿನಾ ಕರೀತೀನಿ. ಮದ್ವೆ ಅಪ್ಪಾ, ಬಾ ಅಂತ ಅಳ್ತೀನಿ. ನಾನು ಅತ್ತಷ್ಟೂ ಅವನ್ಗೆ ದುಃಖ ಜಾಸ್ತಿ ಆಯ್ತದೆ, ಇನ್ನೂ ಗಟ್ಟಿಯಾಗಿ ಅಂಟ್ಕೋತಾನೆ." ಸೆರಗಿನಿಂದ ಮೂಗೊರೆಸಿಕೊಂಡಳು. "ಅಪ್ಪ ಕೈ ಹಿಡ್ದು ಪೀಠದ ಮುಂದಕ್ಕೆ ಕರ್ಕೊಂಡು ಹೋಗ್ದಿದ್ರೆ ನಾನು ಮದ್ವೆ ಆಗಕಿಲ್ಲ. ಸಿರಿಲನ ಅವ್ವ ನೆನ್ನೆ ಬಂದಿದ್ರು. ಬೂದಿ ಬುಧವಾರ ಬಂದ್ಬುಟ್ರೆ ತಪಸ್ಸುಕಾಲ, ಈಸ್ಟರ್‌ವರ್ಗೂ ಮದ್ವೆ ಇಲ್ಲ. ಅಲ್ಲಿವರ್ಗೂ ಕಾಯಕ್ಕಾಗಲ್ಲ, ಹುಡುಗನ್ಗೆ ಬೇರೆ ಕಡೆ ನೋಡ್ತೀವಿ ಅಂದ್ರು."

"ಸಿರಿಲ ಏನಂದ?"

"ಅವನೇನಂತಾನೆ? ಬನ್ನು ತಿಂತಾ ಕೂತಿದ್ದ. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬನ್ನಿತ್ತು."

ನಾನು ಎದೆ ತಟ್ಟಿಕೊಂಡು, "ನಿಮ್ಮಪ್ಪ ನಾಳೇನೇ ಆಚೆ ಬೀಳ್ತಾರೆ, ನನ್ನ ಡಿಗ್ರಿ ಆಣೆಗೂ" ಎಂದೆ. ಹೋಗುತ್ತಾ ತಿರುಗಿ ನಿಂತಳು. "ಒಂದು ಮಾತು. ಯಾರ ದನಿ ಬೇಕಾದ್ರೂ ಮಾಡು. ನಮ್ಮವ್ವನ ದನಿ ಮಾತ್ರ ಮಾಡ್ಬ್ಯಾಡ."

ಅದನ್ನು ಅವಳು ಹೇಳಬೇಕಾಗಿಯೇ ಇರಲಿಲ್ಲ. ಲೂರ್ದಕ್ಕ ಹೋದ ಮೇಲೆ ಆ ದನಿಯನ್ನು ನಾನು ಹೊರಗೆ ತೆಗೆದೇ ಇರಲಿಲ್ಲ.

ಮರುದಿನದಿಂದ ಚಿತ್ರದ ಮುಂದೆ ನನ್ನ ಸರ್ಕಸ್ಸು ಶುರುವಾಯಿತು. ಸ್ವಾಮಿಗಳು ಪ್ರಸಂಗದ ನಡುವೆ ಹಲ್ಲಿನ ಸೆಟ್ಟು ಜಾರಿ "ಪ್ರಿಯ ಸಹೋದರರೇ" ಎನ್ನುವುದು ಸೀಟಿಯಾಗಿ ಹಾರುವುದನ್ನು ಮಾಡಿದೆ. ಸಿರಿಲನ ಅವ್ವ ಬನ್ನಿನ ಮೇಲೆ ಬೆರಳೊತ್ತಿ ನೋಡುವಂತೆ ಸೊಸೆ ನೋಡುವುದನ್ನು ಮಾಡಿದೆ. ಬಟನ್ನು ನುಂಗಿದ ಮೇಕೆ ಮಾಡಿದೆ. ಕೊನೆಗೆ ಚೌರಪ್ಪಣ್ಣನ ಸ್ವಂತ ಹೊಲಿಗೆ ಮಿಷಿನ್ನನ್ನೇ, ದಾರ ಕಿತ್ತುಹೋಗುವ ಕ್ಷಣದ ಸಮೇತ ಮಾಡಿದೆ. ಊರಿನವರು ಬೆಂಚು ಹಿಡಿದುಕೊಂಡು ನಕ್ಕರು. ಒಳಗಿನವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಒಂದು ದಿನ ಮಾತ್ರ ಬಿಳಿಗಡ್ಡದ ಮುದುಕನ ಮೀಸೆ ತುದಿ ಒಂಚೂರು ನಡುಗಿತು. ನಾನು ಗುರಿಯಿಟ್ಟದ್ದು ಕಾಲಿಗೆ, ತಗುಲಿದ್ದು ತಲೆಗೆ. ಆ ಮುದುಕನೂ ನಕ್ಕು ಬಿದ್ದರೆ ಎರಡೂ ಕಡೆ ಹಿಡಿಯುವವರು ಬೇಕಾಗುತ್ತಾರೆಂದು ಸ್ವಾಮಿಗಳು ಆವತ್ತಿನ ಆಟ ನಿಲ್ಲಿಸಿಬಿಟ್ಟರು.

ಹೀಗೇ ಸೋಮವಾರ ಬಂತು. ನಾಳೆ ಮಂಗಳವಾರ, ನಾಡಿದ್ದು ಬೂದಿ. ಸಿರಿಲನ ಅವ್ವ ಕೊನೆಯ ಮಾತು ಕೇಳಲು ಸಂಜೆಗೆ ಬರುವವರಿದ್ದರು. ಮಧ್ಯಾಹ್ನದ ಬಿಸಿಲಿಗೆ ಚರ್ಚು ಖಾಲಿಯಾಗಿತ್ತು. ಜಸಿಂತಾ ಪೀಠದ ಹಿಂದಿನ ಕೋಣೆಯಲ್ಲಿ ಹೂದಾನಿ ತೊಳೆಯುತ್ತಿದ್ದಳು. ಮದುವೆಗೆಂದು ಹೊಳಪು ಮಾಡಿದ್ದನ್ನು ಮತ್ತೆ ಗೂಡಿಗಿಡಲು. ನೀರಿನ ಸದ್ದಿನ ನಡುವೆ ಅವಳ ಬಿಕ್ಕಳಿಕೆ ಕೇಳುತ್ತಿತ್ತು. ನಾನು ಚಿತ್ರದ ಮುಂದೆ ನಿಂತು ಚೌರಪ್ಪಣ್ಣನನ್ನು ನೋಡಿದೆ. ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ.

ಲೂರ್ದಕ್ಕನ ದನಿ ಮೊರದಲ್ಲಿ ಅವರೆಕಾಳು ಕೇರಿದಂತೆ ಶುರುವಾಗಿ ಪಿಂಗಾಣಿ ತಟ್ಟೆ ಬಿದ್ದಂತೆ ಮುಗಿಯುವ ದನಿ. ಅದು ಗಂಟಲಲ್ಲಿ ಬೆಚ್ಚಗೆ, ಇಟ್ಟ ಜಾಗದಲ್ಲೇ ಇತ್ತು. "ಏನ್ರೀ! ಟೇಪು ಎಲ್ಲಿ ಟೇಪು ಎಲ್ಲಿ ಅಂತ ಬೀರು ಕೆಳೀಕೆಲ್ಲಾ ತಲೆ ತೂರುಸ್ತೀರಲ್ಲ, ಕುತ್ಗೇಲಿ ನೇತಾಡ್ತಿರೋದೇನು, ಹಾವಾ?"

ಚೌರಪ್ಪಣ್ಣ ನಗಲಿಲ್ಲ. ಅವರ ಕಣ್ಣಿನಿಂದ ಎಣ್ಣೆಯಷ್ಟು ಮಂದವಾದ ಒಂದು ಹನಿ ಇಳಿದು ಗಲ್ಲದ ಮೇಲೆ ನಿಂತಿತು. ನಾನು ಕೆಟ್ಟೆ, ಈ ಮನುಷ್ಯನನ್ನು ಗೋಡೆಗೆ ಇನ್ನೊಂದು ಮೊಳೆ ಹೊಡೆದು ಕೂರಿಸಿದೆ ಅಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಪಿಂಗಾಣಿ ತಟ್ಟೆ ಬಿತ್ತು.

"ಏನೋ ರಾಯಪ್ಪ! ಬ್ಯಾಡ ಅಂತ ಬಾಯ್ಬಿಟ್ಟು ಹೇಳಿದ್ನಲ್ಲೋ! ನಮ್ಮವ್ವನ ಗಂಟ್ಲು ನಿಂಗ್ಯಾರೋ ಕೊಟ್ಟೋರು?"

ಲೂರ್ದಕ್ಕನೇ ಎದ್ದು ಬಂದಳು ಎಂದು ತಿರುಗಿದರೆ ಜಸಿಂತಾ. ಕೈಯಲ್ಲಿ ಹೂದಾನಿ, ಸೆರಗು ಸೊಂಟಕ್ಕೆ. ಹುಟ್ಟಿದಾಗಿನಿಂದ ಆ ಹುಡುಗಿ ಯಾರಿಗೂ ಗದರಿದವಳಲ್ಲ. ಒಳಗೆ ಇಂಥದೊಂದು ದನಿ ಇದೆಯೆಂದು ನಮಗಿರಲಿ, ಅವಳಿಗೇ ಗೊತ್ತಿರಲಿಲ್ಲ. ನನ್ನ ಗಾಬರಿಗೆ ನಾಲಿಗೆ ಗೇರು ಬದಲಿಸುವುದನ್ನು ಮರೆಯಿತು. ಲೂರ್ದಕ್ಕನ ದನಿಯಲ್ಲೇ ಉತ್ತರ ಕೊಟ್ಟುಬಿಟ್ಟೆ.

"ಯಾಕೇ ಹಿಂಗೆ ಕಿರುಚ್ತೀಯ?"

"ಕಿರುಚ್ತಿರೋದು ನಾನಲ್ಲ, ನೀನು!"

"ನಾನು ಮೆತ್ಗೆ ಮಾತಾಡೋದೇ ಹಿಂಗೆ!"

"ಅದು ನಮ್ಮವ್ವನ ಮಾತು! ವಾಪಸ್ ಕೊಡು!"

"ಕೊಡಕ್ಕೆ ಅದೇನು ಸೌಟಾ?"

"ಸೌಟಲ್ಲೇ ಕೊಡ್ತೀನಿ, ತಡಿ ನಿಂಗೆ!"

ಹೂದಾನಿ ಮೇಲೆದ್ದಿತು. ನಾನು ಬೆಂಚಿನ ಹಿಂದೆ ಸರಿದೆ. ಇಬ್ಬರೂ ಒಂದೇ ಸಲ ಚಿತ್ರದ ಕಡೆ ತಿರುಗಿದೆವು. "ನೀವಾದ್ರೂ ಹೇಳ್ರೀ ಅವ್ಳಿಗೆ!" ಎಂದೆ ನಾನು. "ನೀನಾದ್ರೂ ಹೇಳಪ್ಪಾ ಅವನ್ಗೆ!" ಎಂದಳು ಅವಳು. ಒಂದೇ ದನಿ, ಎರಡು ಬಾಯಿ. ಚರ್ಚಿನ ಸೂರಿಗೆ ಬಡಿದು ನಾಲ್ಕಾಗಿ ಇಳಿಯಿತು.

ಮೊದಲು ಅಲುಗಿದ್ದು ಟೇಪು. ಆಮೇಲೆ ಚೌರಪ್ಪಣ್ಣನ ಹೊಟ್ಟೆ. ಆಮೇಲೆ ಕೆಳತುಟಿ. ಆಮೇಲೆ ಅಷ್ಟು ದಿನದ ಬಣ್ಣವೆಲ್ಲ ಸಿಡಿದಂತೆ ಒಂದು ನಗು ಹೊರಟಿತು ನೋಡಿ, ಚಿತ್ರ ಅವರನ್ನು ಮೂಟೆ ಎಸೆದಂತೆ ಎಸೆಯಿತು. ನೆಲದಲ್ಲಿ ಉರುಳಿ, ಮಗಳ ಕಾಲ ಬಳಿ ನಿಂತು, ಹೊಟ್ಟೆ ಹಿಡಿದುಕೊಂಡು ಕಿರುಚಿದರು. "ಒಬ್ಳು ಇದ್ದಾಗ್ಲೇ ತಡ್ಕೊಳ್ಳಕ್ಕಾಯ್ತಿರ್ನಿಲ್ಲ... ಅಯ್ಯೋ ದೇವ್ರೇ, ಈಗ ಇಬ್ರು! ಇಬ್ರು ಕಣಮ್ಮಿ!" ಜಸಿಂತಾ ಹೂದಾನಿ ಬಿಸಾಡಿ ಅಪ್ಪನನ್ನು ಅಪ್ಪಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ, ಮಿಮಿಕ್ರಿ ಮಾಡುವವನಿಗೂ ಹೇಳಲಾಗದ ಸದ್ದು ಅದು.

ನಾನೂ ನಗಲು ಬಾಯಿ ತೆಗೆದೆ. ಆಗ ಬಟ್ಟೆ ಜಾರುವ ಸರಕ್ಕೆಂಬ ಸದ್ದು ಕೇಳಿತು. ಚಿತ್ರದಲ್ಲಿ ಆ ಬಿಳಿಯ ಪಾದಗಳು ಕಲ್ಲಿನ ಕಡೆಗೆ ವಾಲುತ್ತಿದ್ದವು. ಮುದುಕನ ಕತ್ತಿನ ನರ ಉಬ್ಬಿತ್ತು. ನಾಳೆ ಮದುವೆಯ ಮನೆಯವರೆಲ್ಲ ಕುಂಟುತ್ತಾ ಬರುವುದು, ಸಿರಿಲ ಕುಂಟುವುದು, ಕೋಳಿಗಳು ಕುಂಟುವುದು, ಎಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂತು. ಯೋಚಿಸದೆ ಚೌಕಟ್ಟಿನೊಳಕ್ಕೆ ಹಾರಿ ಎರಡೂ ಕೈಯಲ್ಲಿ ಹಿಡಿದೆ.

ಭಾರವಾಗಿತ್ತು. ಅಷ್ಟು ಭಾರ ಇರುತ್ತದೆಂದು ಹೊರಗೆ ನಿಂತು ನೋಡಿದವರಿಗೆ ತಿಳಿಯುವುದಿಲ್ಲ. ಪಾದ ತಣ್ಣಗಿತ್ತು, ನಡುವೆ ಮೊಳೆಯ ಗಾಯವಿತ್ತು. ಈಗ ನನ್ನನ್ನೂ ಎಸೆಯುತ್ತದೆ ಎಂದು ಕಾದೆ. ಎಸೆಯಲಿಲ್ಲ. ಬಾಯಲ್ಲಿ ಆ ದನಿಯ ರುಚಿ ಇನ್ನೂ ಇತ್ತು. ಚಿಕ್ಕವನಿದ್ದಾಗ ನಾನು ಮೊಟ್ಟಮೊದಲು ಮಾಡಿದ ಮಿಮಿಕ್ರಿ ಲೂರ್ದಕ್ಕನದೇ. ಮಾಡಿದ್ದೂ ಅವಳ ಕಿಟಕಿಯ ಕೆಳಗೇ. ಹೊಡೆಯಲು ಬಂದವಳು ಬಾಗಿಲಲ್ಲೇ ಕೂತು ನಕ್ಕು, "ಇನ್ನೊಂದ್ಸಲ ಮಾಡ್ಲಾ ಮೂದೇವಿ" ಎಂದು ಬೆಲ್ಲ ಕೊಟ್ಟಿದ್ದಳು. ಆ ದನಿ ನನ್ನಲ್ಲಿ ಇತ್ತು, ಜಸಿಂತಾಳಲ್ಲಿ ಇತ್ತು, ಲೂರ್ದಕ್ಕ ಮಾತ್ರ ಇರಲಿಲ್ಲ. ನಾನು ಅವಳಿಗಾಗಿ ಅತ್ತೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ನೀಲಿ ಮುಸುಕಿನ ತಾಯಿ ಪಕ್ಕದಲ್ಲೇ ಇದ್ದಳು. ಅಳಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಆ ಸಂಜೆ ಸಿರಿಲನ ಅವ್ವ ಮರುದಿನಕ್ಕೇ ಮದುವೆ ಒಪ್ಪಿದರು, ನನ್ನ ದುಃಖ ಮಾತ್ರ ಗಂಟೆ ಹೊಡೆದರೂ ಕರಗಲಿಲ್ಲ. ಹಾಗಾಗಿ ಮಂಗಳವಾರದ ಮದುವೆಯನ್ನು ನಾನು ಗೋಡೆಯಿಂದಲೇ ನೋಡಿದೆ. ಚೌರಪ್ಪಣ್ಣ ತಾವೇ ಹೊಲಿದ ಕೋಟು ಹಾಕಿಕೊಂಡು, ಕೋಟಿನ ಮೇಲೆ ಟೇಪು ಹಾಕಿಕೊಂಡು, ಮಗಳ ಕೈ ಹಿಡಿದು ನಡುದಾರಿಯಲ್ಲಿ ಬಂದರು. ಅರ್ಧ ದಾರಿಯಲ್ಲಿ ಜಸಿಂತಾ, "ಅಪ್ಪಾ, ಟೇಪು!" ಎಂದು ಗದರಿದಳು. ಇಡೀ ಚರ್ಚು ಬೆಚ್ಚಿ ಎದ್ದು ನಿಂತಿತು. ಸಿರಿಲನ ಕೈಯಿಂದ ಉಂಗುರ ಬಿತ್ತು. ಅವನ ಅವ್ವ ಆಗಿನಿಂದಲೇ ಸೊಸೆಯನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರಂತೆ. ಫೋಟೋದವನು ವಧೂವರರನ್ನು ನನ್ನ ಮುಂದೆಯೇ ನಿಲ್ಲಿಸಿದ. ಆ ಫೋಟೋದಲ್ಲಿ ನಗುವ ಇಬ್ಬರ ಹಿಂದೆ ಶೋಕಿಸುವ ನಾನು, ಜೇಬಿನಿಂದ ಇಣುಕುವ ಮೈಕಿನ ವೈರಿನ ಸಮೇತ, ಇವತ್ತಿಗೂ ಇದ್ದೇನೆ.

ಆಮೇಲೆ ಎಲ್ಲರೂ ಊಟಕ್ಕೆ ಹೋದರು. ಮೈದಾನದಿಂದ ಮಟನ್ ಸಾರಿನ ವಾಸನೆ ಬಂತು, ಬ್ಯಾಂಡ್‌ಸೆಟ್ ಬಂತು, ಮನುಷ್ಯರು ಬರಲಿಲ್ಲ. ಕೊನೆಗೆ ಚೌರಪ್ಪಣ್ಣ ಒಂದು ಕೈಯಲ್ಲಿ ಎಲೆ ಮುಚ್ಚಿದ ಚಿತ್ರಾನ್ನ, ಇನ್ನೊಂದು ಕೈಯಲ್ಲಿ ಸಿರಿಲನ ಸೋದರಮಾವನ ರಟ್ಟೆ ಹಿಡಿದುಕೊಂಡು ಬಂದರು. ಸೋದರಮಾವನಿಗೆ ಪಂಕ್ತಿಯಲ್ಲಿ ಮೂಳೆ ಮಾತ್ರ ಬಡಿಸಿದ್ದರಂತೆ. ಮುಖ ನೋಡಿದರೆ ಮೂರು ದಿನದ ಸರದಿಗಾಗುವಷ್ಟು ದುಃಖವಿತ್ತು. ಅವನ ಕೈಯನ್ನು ಚೌಕಟ್ಟಿನ ಮೇಲಿಟ್ಟು, "ಇಲ್ಲೇ ರೆಡಿ ಇರಿ ಬೀಗ್ರೇ" ಎಂದು, ಚೌರಪ್ಪಣ್ಣ ಚಿತ್ರಾನ್ನವನ್ನು ಚಿತ್ರದ ಕೆಳಗೆ ನೆಲದ ಮೇಲಿಟ್ಟು ನನ್ನೆದುರು ಬಂದು ನಿಂತರು.

ಪ್ಯಾಂಟನ್ನು ಎರಡೂ ಮೊಣಕೈಯಿಂದ ಮೇಲೆತ್ತಿದರು. ಹೆಬ್ಬೆರಳಿನಿಂದ ಮೂಗಿನ ತುದಿ ತಿಕ್ಕಿದರು. ಈ ಚೇಷ್ಟೆ ಯಾರದೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ. ಅವರು ಬಾಯಿಗೆ ಮುಷ್ಟಿ ಹಿಡಿದರು.

"ಹಲೋ, ಹಲೋ, ಮೈಕ್ ಟೆಸ್ಟಿಂಗ್. ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ. ಡಿಗ್ರಿ ರಾಯಪ್ಪ ಎಂಬ ಹೆಸರಿನ, ಉದ್ದ ಗಂಟಲಿನ ಒಂದು ಪ್ರಾಣಿ ಕಳೆದುಹೋಗಿದೆ. ಬಾಲ ಇಲ್ಲ, ಡಿಗ್ರಿ ಇದೆ. ಮೇಯುವುದು ಚಿತ್ರಾನ್ನ. ಸಿಕ್ಕಿದವರು ದಯವಿಟ್ಟು ತಾವೇ ಇಟ್ಟುಕೊಳ್ಳಬೇಕಾಗಿ ವಿನಂತಿ."

ದಿನಗಟ್ಟಲೆ ನನ್ನ ಎದುರು ಮಾತಿಲ್ಲದೆ ನಿಂತು ನೋಡಿದ ಮನುಷ್ಯ ಒಂದನ್ನೂ ಬಿಟ್ಟಿರಲಿಲ್ಲ. ಮಾತಿನ ಕೊನೆಗೆ ದನಿ ಎತ್ತುವುದು, ನನ್ನ ಜೋಕಿಗೆ ಎಲ್ಲರಿಗಿಂತ ಮೊದಲು ನಾನೇ ಹುಬ್ಬು ಕುಣಿಸುವುದು, ಎಲ್ಲವೂ ಇತ್ತು. ನಾನು ಹಲ್ಲು ಕಚ್ಚಿ ಪಾದ ಬಿಗಿಹಿಡಿದೆ. ಆಗ ಚೌರಪ್ಪಣ್ಣ ಹತ್ತಿರ ಬಂದು, ಎದೆ ತಟ್ಟಿಕೊಂಡು ಹೇಳಿದರು. "ಎಲ್ಲಾ ನಿಜ. ನನ್ನ ಡಿಗ್ರಿ ಆಣೆಗೂ." ಹೇಳಿ, ಬಾಯಿಗೆ ಕೈ ಅಡ್ಡ ಹಿಡಿದು, ಕಳ್ಳ ಬೆಕ್ಕಿನಂತೆ ಸಣ್ಣಗೆ ಕೆಮ್ಮಿದರು.

ಆಣೆ ಹಾಕಿದ ಮೇಲೆ ನಾನು ಹೀಗೆ ಕೆಮ್ಮುತ್ತೇನೆಯೇ? ಊರಿಗೆಲ್ಲ ಇದು ಗೊತ್ತಿತ್ತೇ? ಊರಿನ ಪ್ರತಿಯೊಂದು ಗಂಟಲನ್ನೂ ಬಲ್ಲವನಿಗೆ ತನ್ನದೊಂದು ಗೊತ್ತಿರಲಿಲ್ಲವೇ? ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. ಸೋದರಮಾವ ಒಳಗೆ ಹತ್ತಿದ್ದನ್ನೂ ಕಾಣಲಿಲ್ಲ; ಚಿತ್ರ ನನ್ನನ್ನು ಎಸೆದ ರಭಸಕ್ಕೆ ನೇರವಾಗಿ ಚಿತ್ರಾನ್ನದ ಎಲೆಯ ಮೇಲೆ ಬಿದ್ದೆ. ಬಾಗಿಲಲ್ಲಿ ಅಡಗಿ ನಿಂತಿದ್ದ ಊರೆಲ್ಲ ಗೊಳ್ಳೆಂದಿತು. ಜಸಿಂತಾ ನಕ್ಕಳು, ಸ್ವಾಮಿಗಳ ಹಲ್ಲಿನ ಸೆಟ್ಟು ಸೀಟಿ ಹೊಡೆಯಿತು, ಸಿರಿಲ ಬನ್ನು ಬಾಯಲ್ಲಿಟ್ಟುಕೊಂಡೇ ನಕ್ಕ. ಅವರೆಲ್ಲರ ಮೇಲೆ ಒಂದು ದನಿ ಕೇಳುತ್ತಿತ್ತು. ಬಿರುಕುಬಿಟ್ಟ ಮೈಕಿನಂತೆ, ನೀರು ಬಂದ ನಲ್ಲಿಯಂತೆ, ಕಳೆದುಹೋಗಿ ಸಿಕ್ಕಿದ ಎಮ್ಮೆಯಂತೆ. ಇಷ್ಟು ಜೋರಾಗಿ ನಗುತ್ತಿರುವವರು ಯಾರಪ್ಪಾ ಎಂದು ಅರಿಶಿನದ ಮುಖವೆತ್ತಿ ಸುತ್ತ ನೋಡಿದೆ. ನಾನೇ.